ಗೃಹಲಕ್ಷ್ಮಿ ಈಚೆ, ಲಾಡಕಿ ಬಹಿಣ ಆಚೆ

‘ಗಡಿಯವರಿಗೇನು, ಎರಡೂ ಸರ್ಕಾರಗಳ ಸೌಲಭ್ಯ ಸಿಗುತ್ತದೆಯಲ್ಲ’ ಎಂದು ಕೇಳಿದ್ದೀರಿ. ಕರ್ನಾಟಕ-ಮಹಾರಾಷ್ಟ್ರ ಗಡಿಯ ನಮ್ಮ ನಿಪ್ಪಾಣಿಗೆ ಬಂದು ಒಂದು ವಾರ ಇದ್ದು ನೋಡಿ.

ನಮ್ಮಲ್ಲಿ ದುಡಿಮೆ ಗಡಿ ದಾಟುತ್ತದೆ, ಸೌಲಭ್ಯ ದಾಟುವುದಿಲ್ಲ. ಹೆದ್ದಾರಿ ಬದಿಯ ಹಳ್ಳಿಗಳ ಹುಡುಗರು ಕೊಗನೊಳ್ಳಿ ದಾಟಿ ಮಹಾರಾಷ್ಟ್ರದ ಕಾಗಲದ ಕೈಗಾರಿಕಾ ವಸಾಹತಿಗೆ ಹೋಗುತ್ತಾರೆ. ಬೋರಗಾಂವ ಕಡೆಯವರಿಗೆ ಆಚೆಯ ಇಚಲಕರಂಜಿಯ ವಿದ್ಯುತ್ ಮಗ್ಗಗಳು ಹತ್ತಿರ. ಉದ್ಯೋಗ ಖಾತರಿಯ ಕೂಲಿಯನ್ನಷ್ಟೇ ನೋಡಿದರೆ ಆಚೆಯವರೇ ಈಚೆ ಬರಬೇಕಿತ್ತು: 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ, ಮಹಾರಾಷ್ಟ್ರದ್ದು 312. ಆದರೆ ಆ ಖಾತರಿ ಇದ್ದದ್ದು ವರ್ಷಕ್ಕೆ 100 ದಿನಕ್ಕೆ, ಅದೂ ಇಡೀ ಮನೆಗೆ ಸೇರಿ. ಉಳಿದ ದಿನಗಳಲ್ಲೂ ಒಲೆ ಉರಿಯಬೇಕಲ್ಲ.

ಸಂಶೋಧಕರಿಗೆ ನಾವು ಒಂದು ಒಗಟು. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ ಮನೆಗೆ ಬಂದು ಕೇಳುತ್ತದೆ. ಹಾಗಾಗಿ ಕಾಗಲದಲ್ಲಿ ದುಡಿಯುವವನು ಕರ್ನಾಟಕದ ಉದ್ಯೋಗಿ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಕಾರ್ಖಾನೆಯನ್ನು ಎಣಿಸುತ್ತದೆ. ಅಲ್ಲಿ ಅದೇ ಮನುಷ್ಯ ಮಹಾರಾಷ್ಟ್ರದ ಕಾರ್ಮಿಕ. ಎರಡು ರಾಜ್ಯಗಳ ಸರಾಸರಿ ಹಿಡಿದು ಹೋಲಿಸುವವರಿಗೆ ಇವನು ಎಲ್ಲಿ ಕಾಣಬೇಕು?

ಇನ್ನು ಹೆಂಗಸರ ಲೆಕ್ಕ. ಇಲ್ಲಿ ಹೆಣ್ಣು ಕೊಡು-ಕೊಳ್ಳುವ ಸಂಬಂಧಗಳು ಗಡಿ ನೋಡುವುದಿಲ್ಲ. ಒಬ್ಬಳು ಈಚೆ, ಅವಳ ತಂಗಿ ಆಚೆ. 2023ರಿಂದ ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000, ಆಚೆ 2024ರಿಂದ ಮಹಾರಾಷ್ಟ್ರದ ಲಾಡಕಿ ಬಹಿಣ ಯೋಜನೆಯಲ್ಲಿ 1,500. ಅಕ್ಕನೇ ಗೆದ್ದಳು ಎನ್ನಬೇಡಿ. ನಮ್ಮ ಹಣ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವಳಿಗೆ. ಅತ್ತೆ ಯಜಮಾನಿಯಾದರೆ ಸೊಸೆಯ ಕೈಗೆ ಬರುವುದು ಅತ್ತೆಯ ಮನಸ್ಸಿದ್ದಷ್ಟು. ಆಚೆಯದು 21ರಿಂದ 65 ವರ್ಷದ ಅರ್ಹ ಹೆಂಗಸಿನ ಸ್ವಂತ ಖಾತೆಗೆ. ಹಬ್ಬಕ್ಕೆ ತವರಿಗೆ ಬಂದಾಗ ಇವರಿಬ್ಬರ ವಾದ ಕೇಳಬೇಕು. ಯಾವ ವರದಿಯಲ್ಲೂ ಅಷ್ಟು ಖಾರವಿರುವುದಿಲ್ಲ.

ಕಾಗದದಲ್ಲಿ ಒಮ್ಮೆ ನಮಗೂ ಎರಡು ಸರ್ಕಾರಗಳಿದ್ದವು, ನಿಜ. 2023ರಲ್ಲಿ ಮಹಾರಾಷ್ಟ್ರ ಕರ್ನಾಟಕದಲ್ಲಿ ತಾನು ಹಕ್ಕು ಕೇಳುವ 865 ಊರುಗಳಿಗೆ ಆರೋಗ್ಯ ವಿಮೆ ವಿಸ್ತರಿಸಿತು, ಕರ್ನಾಟಕ ಸಿಟ್ಟಾಯಿತು. ಆದರೆ ಕಾರ್ಖಾನೆಯವನಿಗೆ ಬೇಕಾದದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಕಾರ್ಡು. ತಿಂಗಳ ಸಂಬಳ 21,000 ಮೀರದಿದ್ದರೆ ಅದು ಅವನ ಹಕ್ಕು, ಊರು ಯಾವ ರಾಜ್ಯದ್ದು ಎಂದು ಅದು ಕೇಳುವುದಿಲ್ಲ. ಮಗ್ಗದಲ್ಲಿ ಮೀಟರ್ ಲೆಕ್ಕಕ್ಕೆ ನೇಯುವ ಎಷ್ಟೋ ಜನರ ಬಳಿ ಆ ಕಾರ್ಡೇ ಇಲ್ಲ. ನೀವು ಬಂದರೆ ಮೊದಲು ಅವರನ್ನು ಕೇಳಿ.