ಓದುಗರ ಪ್ರಶ್ನೆ: ಹಳೆಯ ಝೋರ್ಕಿಯಲ್ಲಿ ಫ್ರೇಮುಗಳ ಅಂತರವೇಕೆ ತಪ್ಪುತ್ತದೆ?

ಪ್ರಶ್ನೆ: ನನ್ನ ಬಳಿ ಸೋವಿಯತ್ ಕಾಲದ ಝೋರ್ಕಿ-4 ಕ್ಯಾಮೆರಾ ಇದೆ. ಈಚೆಗೆ ತೊಳೆಸಿದ ಎರಡು ರೋಲುಗಳಲ್ಲಿ ಕೆಲವು ಫ್ರೇಮುಗಳ ನಡುವೆ ಬೆರಳಗಲ ಜಾಗ ಬಿಟ್ಟಿದೆ, ಇನ್ನು ಕೆಲವು ಒಂದರ ಅಂಚಿನ ಮೇಲೊಂದು ಹತ್ತಿ ಕೂತಿವೆ. ಒಳಗಿನ ಗೇರ್ ಸವೆದಿದೆ, ಇನ್ನು ಇದು ಕಪಾಟಿನಲ್ಲಿಡುವುದಕ್ಕೇ ಸರಿ ಎಂದು ಪರಿಚಿತರೊಬ್ಬರು ಹೇಳಿದರು. ನಿಜವೇ?

ಉತ್ತರ: ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಕ್ರಾಸ್ನಗೋರ್ಸ್ಕ್ ಕಾರ್ಖಾನೆಯಲ್ಲಿ 1956ರಿಂದ 1973ರವರೆಗೆ 17 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕ್ಯಾಮೆರಾದ ಫಿಲ್ಮ್ ಎಳೆಯುವ ವ್ಯವಸ್ಥೆ ಬಹಳ ಸರಳವಾದುದು. ಕ್ಯಾಮೆರಾವನ್ನು ಬಿಚ್ಚುವ ಮೊದಲು ನೆಗೆಟಿವ್ ಅನ್ನು ಗಮನವಿಟ್ಟು ನೋಡಿದರೆ ದೋಷ ಎಲ್ಲಿದೆ ಎಂಬುದು ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ.

35 ಮಿ.ಮೀ. ಫಿಲ್ಮ್‌ನ ಅಂಚಿನ ರಂಧ್ರಗಳು 4.75 ಮಿ.ಮೀ.ಗೆ ಒಂದರಂತೆ ಇರುತ್ತವೆ. ಈ ರಂಧ್ರಗಳಿಗೆ ಹಲ್ಲು ಕೂರಿಸಿ ಫಿಲ್ಮ್ ಎಳೆಯುವ, ಕ್ಯಾಮೆರಾದೊಳಗಿನ ಎಂಟು ಹಲ್ಲಿನ ಉರುಳೆ ಒಂದು ಸುತ್ತು ತಿರುಗಿದಾಗ ಫಿಲ್ಮ್ 38 ಮಿ.ಮೀ. ಮುಂದೆ ಸರಿಯುತ್ತದೆ, ಅದರಲ್ಲಿ 36 ಮಿ.ಮೀ. ಚಿತ್ರಕ್ಕೆ, ಉಳಿದ 2 ಮಿ.ಮೀ. ಖಾಲಿ ಗೆರೆಗೆ. ಈಗ ನಿಮ್ಮ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, ಪ್ರತಿ ಫ್ರೇಮಿನ ಎಡ ಅಂಚು ರಂಧ್ರದ ಯಾವ ಭಾಗಕ್ಕೆ ನೇರವಾಗಿ ಬೀಳುತ್ತದೆ ಎಂದು ಭೂತಕನ್ನಡಿಯಲ್ಲಿ ನೋಡಿ. ಅಂತರ ಹೆಚ್ಚು ಕಡಿಮೆಯಾದರೂ ಎಲ್ಲ ಫ್ರೇಮುಗಳೂ ರಂಧ್ರದ ಒಂದೇ ಭಾಗದ ನೇರದಲ್ಲಿ ಆರಂಭವಾಗುತ್ತಿದ್ದರೆ, ಉರುಳೆ ಸರಿಯಾಗಿಯೇ ತಿರುಗಿದೆ, ಫಿಲ್ಮ್ ಮಾತ್ರ ಹಲ್ಲು ತಪ್ಪಿಸಿಕೊಂಡು ಒಂದೊಂದು ರಂಧ್ರದಷ್ಟು ಜಾರಿದೆ ಎಂದರ್ಥ. ಸಾಮಾನ್ಯವಾಗಿ ಇದು ಫಿಲ್ಮ್ ತುಂಬುವಾಗ ಆಗುವ ತಪ್ಪು: ಎರಡೂ ಸಾಲಿನ ರಂಧ್ರಗಳು ಹಲ್ಲಿಗೆ ಕೂರುವ ಮೊದಲೇ ಹಿಂಬದಿ ಮುಚ್ಚಿರುತ್ತದೆ, ಇಲ್ಲವೇ ಸುತ್ತಿಕೊಳ್ಳುವ ಸುರುಳಿಯ ಹಿಡಿತ ಸಡಿಲಾಗಿ ಫಿಲ್ಮ್ ಉಬ್ಬಿ ಹಲ್ಲಿನಿಂದ ಮೇಲೇಳುತ್ತದೆ. ಪ್ರತಿ ಬಾರಿ ಮುಂದೆ ತಿರುಗಿಸುವಾಗ ಎಡಬದಿಯ ಹಿಂಸುತ್ತು ಗುಂಡಿಯೂ ತಾನಾಗಿ ತಿರುಗುತ್ತಿದ್ದರೆ ಫಿಲ್ಮ್ ಬಿಗಿಯಾಗಿದೆ ಎಂದು ತಿಳಿಯಬಹುದು.

ಅಂಚು ರಂಧ್ರದ ನೇರಕ್ಕೆ ಬೀಳದೆ, ಒಮ್ಮೆ ಅರ್ಧ, ಒಮ್ಮೆ ಕಾಲು ಭಾಗದಷ್ಟು ಅಲೆಯುತ್ತಿದ್ದರೆ ಮಾತ್ರ ಉರುಳೆಯ ಮೇಲೆ ಸಂಶಯಪಡಬೇಕು. ಆಗಲೂ ಮೊದಲು ನೋಡಬೇಕಾದದ್ದು ಗೇರನ್ನಲ್ಲ, ಶಟರ್ ಗುಂಡಿಯ ಸುತ್ತಲಿನ ಬಳೆಯನ್ನು. ಫಿಲ್ಮ್ ಹಿಂದಕ್ಕೆ ಸುತ್ತಲು ಉರುಳೆಯನ್ನು ಬಿಡಿಸುವುದು ಇದೇ ಬಳೆ. ಹಳೆಯ ಗ್ರೀಸ್ ಗಟ್ಟಿಯಾಗಿ ಅದು ಪೂರ್ತಿ ಮೇಲೇಳದಿದ್ದರೆ ಉರುಳೆಯ ಹಿಡಿತ ಅರೆಬರೆಯಾಗುತ್ತದೆ. ಶಟರ್ ಗುಂಡಿಯನ್ನು ಒತ್ತಿ ಹಿಡಿದಿರುವಾಗ ಉರುಳೆ ಸಡಿಲವಾಗಿರುವುದರಿಂದ, ಆಗ ಸುತ್ತುವ ಗುಂಡಿಯನ್ನು ಮುಟ್ಟಲೇಬಾರದು. ಚಿತ್ರ ತೆಗೆದ ಮೇಲೆ ಗುಂಡಿ ತಡೆದು ನಿಲ್ಲುವವರೆಗೂ ತಿರುಗಿಸಿ. ಸ್ವಲ್ಪ ಬಿಗಿಯಾಯಿತೆಂದು ಮಧ್ಯೆ ಬಿಡಬೇಡಿ.

ಇದನ್ನು ಪರೀಕ್ಷಿಸಲು ಹೊಸ ರೋಲು ಬೇಕಿಲ್ಲ. ಹಾಳಾದ ಫಿಲ್ಮ್ ತುಂಬಿ, ಲೆನ್ಸ್ ಬಿಚ್ಚಿ, ಶಟರನ್ನು ಗುಂಡಿ ಒತ್ತಿದಷ್ಟು ಹೊತ್ತೂ ತೆರೆದಿರುವ ಸ್ಥಾನಕ್ಕೆ ಇಡಿ. ಇನ್ನೊಬ್ಬರು ಗುಂಡಿ ಒತ್ತಿ ಹಿಡಿದಿರಲಿ. ಶಟರಿನ ಬಟ್ಟೆಗೆ ತಾಗದಂತೆ, ತೆಳುವಾದ ಮಾರ್ಕರಿನಿಂದ ಚೌಕಟ್ಟಿನ ಎರಡು ಅಂಚುಗಳನ್ನು ಫಿಲ್ಮಿನ ಮೇಲೆ ಗುರುತಿಸಿ. ಹತ್ತು ಬಾರಿ ಹೀಗೆ ಮಾಡಿ ಹೊರತೆಗೆದರೆ ಅಳತೆಪಟ್ಟಿಯಲ್ಲೇ ಉತ್ತರ ಸಿಗುತ್ತದೆ. ಇಷ್ಟಾದ ಮೇಲೂ ಗೆರೆಗಳು ಅಲೆಯುತ್ತಿದ್ದರೆ ಅನುಭವಿ ದುರಸ್ತಿಗಾರರಿಗೆ ಕೊಡಿ, ಆ ಗುರುತು ಮಾಡಿದ ಫಿಲ್ಮನ್ನೂ ಜೊತೆಗೇ ಕೊಡಿ.

ಅಲ್ಲಿಯವರೆಗೆ ಲ್ಯಾಬಿಗೆ ಕೊಡುವ ಪ್ರತಿ ರೋಲಿನ ಮೇಲೂ "ಕತ್ತರಿಸಬೇಡಿ" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಸಮ ಅಂತರವನ್ನು ನಂಬಿ ಕತ್ತರಿಸುವ ಯಂತ್ರ ಒಳ್ಳೆಯ ಚಿತ್ರದ ನಡುವೆಯೇ ಕತ್ತರಿ ಹಾಕಿಬಿಡಬಹುದು.