ಕೆಟಿಎಂ ಡ್ಯೂಕ್ 390 ಬೈಕಿಗೆ ಫ್ರೀ ಫ್ಲೋ ಸೈಲೆನ್ಸರ್, ಹೈ ಫ್ಲೋ ಏರ್ ಫಿಲ್ಟರ್ ಹಾಕಿಸಿದ ಮೇಲೆ ಪಟಪಟ ಶಬ್ದ: ಇಸಿಯು ಟ್ಯೂನ್ ಮಾಡಿಸಲೇಬೇಕಾ?

ಎಂಜಿನ್ನಿನಿಂದ ಹೊಗೆ ಹೊರತರುವ ಬೆಂಡ್ ಪೈಪ್ ಸಮೇತ ಪೂರ್ತಿ ಎಕ್ಸಾಸ್ಟ್ ಬದಲಿಸಿದ್ದೀರಿ, ಏರ್ ಫಿಲ್ಟರೂ ಹೊಸದು. ಈಗ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಹೊಡೆಯುತ್ತದೆ, ಮೈಲೇಜ್ ಬಿದ್ದಿದೆ. ಬ್ಯಾಟರಿ ಬಿಚ್ಚಿ ಹಾಕಿದರೆ ಇಸಿಯು (ಎಷ್ಟು ಪೆಟ್ರೋಲ್ ಹಾಕಬೇಕು ಅಂತ ನಿರ್ಧರಿಸುವ ಕಂಪ್ಯೂಟರ್) ತಾನೇ ಕಲಿಯುತ್ತದೆ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ, ಟ್ಯೂನ್ ಮಾಡಿಸಲೇಬೇಕು ಅಂತ ಇನ್ನೊಬ್ಬರು. ಇದು ನಿಮ್ಮ ಪ್ರಶ್ನೆ ಅಲ್ವಾ?

ಟ್ಯೂನ್ ಬೇಕು, ಅಂದರೆ ಹೊಸ ಭಾಗಗಳಿಗೆ ತಕ್ಕ ಹಾಗೆ ಪೆಟ್ರೋಲಿನ ಲೆಕ್ಕ ತಿದ್ದಿಸಬೇಕು. ಆದರೆ ಅದಕ್ಕೆ ದುಡ್ಡು ಕೊಡುವ ಮೊದಲು ಬೆಂಡ್ ಪೈಪಿನ ಹತ್ತಿರ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡಿ.

ನನ್ನದೂ 2017ರ 390. ನಾನೂ ಇದನ್ನೇ ಮಾಡಿಸಿದ್ದೆ, ನನಗೂ ಇದೇ ಶಬ್ದ. ಎಲ್ಲರೂ 'ಗಾಡಿ ಲೀನ್ ಆಗಿದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ), ಪೆಟ್ರೋಲ್ ಜಾಸ್ತಿ ಮಾಡು' ಅಂದರು. ಮಾಡಿದೆ. ಶಬ್ದ ಹೋಗಲಿಲ್ಲ, 28 ಕೊಡುತ್ತಿದ್ದ ಮೈಲೇಜ್ 21ಕ್ಕೆ ಬಂತು. ಸಕಲೇಶಪುರಕ್ಕೆ ಹೋದಾಗ ನಿಲ್ಲಿಸಿದ ಕಡೆಯೆಲ್ಲ ಹಸಿ ಪೆಟ್ರೋಲ್ ವಾಸನೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಮಸಿ. ಲೀನ್ ಆದ ಗಾಡಿಯ ಪ್ಲಗ್ ಬೆಳ್ಳಗಿರಬೇಕಲ್ಲ ಅಂತ ಆಗ ತಲೆಗೆ ಹೊಳೆಯಿತು.

ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಟಾರ್ಚ್ ಹಿಡಿದು ಕೂತೆ. ಬೆಂಡ್ ಪೈಪ್ ಎಂಜಿನ್ನಿಗೆ ಸೇರುವ ಜಾಗದಲ್ಲಿ ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಗೆರೆ. ಸೋಪಿನ ನೀರು ಸವರಿ ಸ್ಟಾರ್ಟ್ ಮಾಡಿದೆ. ಗೆರೆ ಇದ್ದಲ್ಲೇ ಗುಳ್ಳೆ ಎದ್ದವು. ಹೊಸ ಪೈಪ್ ಕೂರಿಸುವಾಗ ಸಂದಿ ಮುಚ್ಚುವ ಹಳೇ ಗ್ಯಾಸ್ಕೆಟ್ಟನ್ನೇ ಹಾಕಿದ್ದರು. ಅದು ಒಮ್ಮೆ ಅಮುಕಿ ಕೂತ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕಿ, ಪೆಟ್ರೋಲ್ ಮೊದಲಿನ ಮಟ್ಟಕ್ಕೆ ಇಳಿಸಿದೆ. ಮುಕ್ಕಾಲು ಪಾಲು ಶಬ್ದ ಹೋಯಿತು.

ಯಾಕೆ ಹೀಗೆ? ಎಕ್ಸಾಸ್ಟ್ ಹೊಗೆ ಒಂದೇ ಸಮನೆ ಹೋಗುವುದಿಲ್ಲ, ಹೊಡೆತ ಹೊಡೆತವಾಗಿ ಹೋಗುತ್ತದೆ. ಎರಡು ಹೊಡೆತಗಳ ನಡುವೆ ಪೈಪ್ ಸೋರುವ ಜಾಗದಿಂದ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಆ ಗಾಳಿ ಸ್ವಲ್ಪ ಮುಂದಿರುವ ಆಕ್ಸಿಜನ್ ಸೆನ್ಸರಿಗೆ ತಾಗುತ್ತದೆ. 'ಆಕ್ಸಿಜನ್ ಜಾಸ್ತಿ ಇದೆ, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ' ಅಂದುಕೊಂಡು ಇಸಿಯು ಇನ್ನಷ್ಟು ಸುರಿಯುತ್ತದೆ. ಸುಡದೆ ಉಳಿದ ಪೆಟ್ರೋಲ್ ಬಿಸಿ ಪೈಪಿನಲ್ಲಿ ಅದೇ ಗಾಳಿ ಸೇರಿ ಹೊತ್ತಿಕೊಳ್ಳುತ್ತದೆ. ಅದೇ ಆ ಪಟಪಟ. ನಿಮ್ಮ ಮೈಲೇಜ್ ಬಿದ್ದಿರುವುದರಿಂದ ನನಗೆ ಮೊದಲ ಅನುಮಾನ ಇದರ ಮೇಲೆಯೇ. ಎಂಜಿನ್ ಬಿಸಿಯಾದರೆ ಸೋಪಿನ ನೀರು ಆರಿಹೋಗುತ್ತದೆ, ಹಾಗಾಗಿ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ನೋಡಿಬಿಡಿ. ಸೋರಿಕೆ ಇಲ್ಲದಿದ್ದರೂ ಫ್ರೀ ಫ್ಲೋನಲ್ಲಿ ಸ್ವಲ್ಪ ಶಬ್ದ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ.

ಇನ್ನು ಬ್ಯಾಟರಿ ವಿಷಯ. ಗಾಡಿಯಲ್ಲಿರುವ ಸಾಮಾನ್ಯ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟ್ ಕೊಡುತ್ತದೆ, ಸುಮಾರು 0.45ರಲ್ಲಿ ಮಿಶ್ರಣ ಸರಿ ಅಂತ ಲೆಕ್ಕ. ರಿಚ್ಚಾ (ಪೆಟ್ರೋಲ್ ಜಾಸ್ತಿಯಾ) ಲೀನಾ ಅನ್ನುವುದಷ್ಟೇ ಅದಕ್ಕೆ ಗೊತ್ತು, ಎಷ್ಟು ಅಂತ ಗೊತ್ತಿಲ್ಲ. ಅದರ ಮಾತು ಕೇಳಿ ಇಸಿಯು ತಿದ್ದಿಕೊಳ್ಳುವುದು ಐಡಲಿಂಗ್‌ನಲ್ಲಿ, ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ. ಫುಲ್ ಆಕ್ಸಿಲರೇಟರ್ ಕೊಟ್ಟಾಗ ಸೆನ್ಸರನ್ನು ಬಿಟ್ಟು, ಕಂಪನಿ ಬರೆದಿಟ್ಟ ಕೋಷ್ಟಕ ನೋಡಿ ಪೆಟ್ರೋಲ್ ಹಾಕುತ್ತದೆ. ಆ ಕೋಷ್ಟಕ ಬರೆದದ್ದು ಹಳೇ ಸೈಲೆನ್ಸರ್, ಹಳೇ ಫಿಲ್ಟರ್ ಲೆಕ್ಕದಲ್ಲಿ. ಬ್ಯಾಟರಿ ಬಿಚ್ಚಿದರೆ ಹೆಚ್ಚೆಂದರೆ ಇಸಿಯು ಕಲಿತ ತಿದ್ದುಪಡಿ ಮರೆಯುತ್ತದೆ. ಕೋಷ್ಟಕ ಹಾಗೇ ಇರುತ್ತದೆ.

ಸೈಲೆನ್ಸರಿನ ತುದಿಭಾಗ ಮಾತ್ರ ಬದಲಿಸಿದ್ದರೆ ಸುಮ್ನೆ ಓಡಿಸಿ ಅನ್ನುತ್ತಿದ್ದೆ. ಬೆಂಡ್ ಪೈಪೂ ಫಿಲ್ಟರೂ ಬದಲಾಗಿರುವುದರಿಂದ ಟ್ಯೂನ್ ಮಾಡಿಸಿ. ಎರಡು ದಾರಿ ಇವೆ. ಒಂದು, ಇಸಿಯು ಒಳಗಿನ ಕೋಷ್ಟಕವನ್ನೇ ತಿದ್ದುವ ರೀಫ್ಲ್ಯಾಶ್. ಇನ್ನೊಂದು, ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂರುವ ಪಿಗ್ಗಿಬ್ಯಾಕ್ ಡಬ್ಬಿ. ನಮ್ಮ ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರ ಪವರ್‌ಟ್ರಾನಿಕ್ ಇಂಥದ್ದೇ. ಬೇಡವಾದಾಗ ಬಿಚ್ಚಿಡಬಹುದು ಅನ್ನುವ ಕಾರಣಕ್ಕೆ ನನಗೆ ಡಬ್ಬಿಯೇ ಇಷ್ಟ.

ಯಾವುದೇ ಆಗಲಿ, ಕಿವಿಯಲ್ಲಿ ಕೇಳಿ ಟ್ಯೂನ್ ಮಾಡುವವರ ಹತ್ತಿರ ಹೋಗಬೇಡಿ. ಪೈಪಿಗೆ, ಎಷ್ಟು ರಿಚ್ ಎಷ್ಟು ಲೀನ್ ಅಂತಲೂ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿ ನೋಡಬೇಕು. ಫುಲ್ ಆಕ್ಸಿಲರೇಟರಿನಲ್ಲಿ ಗೇಜ್ 13ರ ಆಸುಪಾಸು (ಒಂದು ಭಾಗ ಪೆಟ್ರೋಲಿಗೆ 13 ಭಾಗ ಗಾಳಿ) ತೋರಿಸಿದರೆ ಒಳ್ಳೆಯದು, ಅಂದರೆ ಲ್ಯಾಂಬ್ಡಾ (ಸರಿಯಾಗಿ ಸುಡಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ) ಸುಮಾರು 0.88. ಲ್ಯಾಂಬ್ಡಾದಲ್ಲೇ ಮಾತಾಡಿ, ಅದು ವಾಸಿ. ಬರೀ ಪೆಟ್ರೋಲಿಗೆ 14.7 ಭಾಗ ಗಾಳಿ ಸರಿ, ಈಗ ಬಂಕಿನಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5 ಸಾಕು. ಲ್ಯಾಂಬ್ಡಾ ಎರಡಕ್ಕೂ 1 ಅಂತಲೇ ಓದುತ್ತದೆ.

ಶಬ್ದ ಜಾಸ್ತಿ ಇದ್ದರೆ ಪೊಲೀಸರು ಮೋಟಾರು ವಾಹನ ಕಾಯ್ದೆಯ 190(2)ರಡಿ ಕೇಸು ಹಾಕಬಹುದು, ದಂಡ 10,000 ರೂಪಾಯಿವರೆಗೆ ಇದೆ. ಹಳೇ ಸೈಲೆನ್ಸರ್ ಮಾರಬೇಡಿ.

ಈ ಭಾನುವಾರ ಪ್ಲಗ್ ಬಿಚ್ಚಿ ಒಂದು ಫೋಟೋ ಹಾಕಿ. ಬಣ್ಣ ನೋಡಿದರೆ ಮುಂದಿನದು ಹೇಳುತ್ತೇನೆ.