ರೋಬೋಗಳು ಮರಿ ಹಾಕುತ್ತವೆಯೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪುಟ್ಟ ಪೆಟ್ಟಿಗೆಗಳು ತಾವೇ ಉರುಳಿ ಬಂದು ಒಂದಕ್ಕೊಂದು ಅಂಟಿಕೊಳ್ಳುವ ವಿಡಿಯೊ ನೋಡಿದೆ. ಇಂಥ ರೋಬೋಗಳು ಜೀವಿಗಳಂತೆ ವಿಕಾಸವನ್ನೂ ಹೊಂದುತ್ತವಂತೆ. ‘ಹಂಗಾದ್ರೆ ಮರೀನೂ ಹಾಕ್ತಾವಾ?’ ಎಂದು ಅಪ್ಪ ಕೇಳಿದರು. ಉತ್ತರ ಹೇಳಲಾಗಲಿಲ್ಲ. ಕಡಿಮೆ ಖರ್ಚಿನಲ್ಲಿ ಈ ವಿಷಯದ ಪ್ರಾಜೆಕ್ಟ್ ಮಾಡಬಹುದೇ?

ಉತ್ತರ: ನಿಮ್ಮ ತಂದೆಯವರ ಪ್ರಶ್ನೆ ಬಹಳ ಒಳ್ಳೆಯದು, ಅಲ್ಲಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹಾಡ್ ಲಿಪ್ಸನ್ ಮತ್ತು ಸಂಗಡಿಗರು 2005ರಲ್ಲಿ ಸುಮಾರು 10 ಸೆಂಟಿಮೀಟರಿನ ಪೆಟ್ಟಿಗೆಗಳನ್ನು ಮಾಡಿದರು. ಪ್ರತಿ ಪೆಟ್ಟಿಗೆಯೂ ಓರೆಯಾಗಿ ಎರಡು ಹೋಳು. ಒಂದು ಹೋಳು ಇನ್ನೊಂದರ ಮೇಲೆ ತಿರುಗುತ್ತದೆ, ವಿದ್ಯುತ್ಕಾಂತದಿಂದ ಪಕ್ಕದ ಪೆಟ್ಟಿಗೆಯನ್ನು ಹಿಡಿಯುತ್ತದೆ. ನಾಲ್ಕು ಪೆಟ್ಟಿಗೆಗಳ ಗೋಪುರವೊಂದು ಬಾಗಿ, ಪಕ್ಕದಲ್ಲಿಟ್ಟ ಪೆಟ್ಟಿಗೆಗಳನ್ನು ಎತ್ತಿಟ್ಟು, ಸುಮಾರು ಎರಡೂವರೆ ನಿಮಿಷದಲ್ಲಿ ತನ್ನಂಥದೇ ಇನ್ನೊಂದು ಗೋಪುರ ಕಟ್ಟಿತು. ಆದರೆ ಆ ಪೆಟ್ಟಿಗೆಗಳನ್ನು ತಯಾರಿಸಿದವರೂ ಗೊತ್ತಾದ ಜಾಗದಲ್ಲಿ ತಂದಿಟ್ಟವರೂ ಮನುಷ್ಯರೇ. ಹಾಗಾಗಿ ತಂದೆಯವರಿಗೆ ಹೀಗೆ ಹೇಳಿ: ಜೋಡಿಸಿಕೊಳ್ಳುತ್ತವೆ, ಹುಟ್ಟಿಸುವುದಿಲ್ಲ.

ನೀವು ನೋಡಿದ ಉರುಳುವ ಪೆಟ್ಟಿಗೆಗಳು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಎಂ-ಬ್ಲಾಕ್ಸ್ ಇರಬಹುದು. ಅವುಗಳ ಹೊಟ್ಟೆಯೊಳಗೆ ನಿಮಿಷಕ್ಕೆ 20,000 ಸುತ್ತಿನವರೆಗೆ ತಿರುಗುವ ಗಾಲಿಯಿದೆ. ಅದಕ್ಕೆ ಥಟ್ಟನೆ ಬ್ರೇಕ್ ಹಾಕಿದರೆ ಆ ರಭಸಕ್ಕೆ ಪೆಟ್ಟಿಗೆಯೇ ಮಗುಚುತ್ತದೆ.

ಇನ್ನು ವಿಕಾಸ. ಇದನ್ನು ನಿಮಗೆ ನಾನು ಹೊಸದಾಗಿ ಹೇಳಿಕೊಡಬೇಕಿಲ್ಲ, ನಿಮ್ಮ ಹುಳುಮನೆಯಲ್ಲೇ ಇದೆ. ಮೈಸೂರು ತಳಿ ನಮ್ಮ ಬಿಸಿಲಿಗೂ ರೋಗಕ್ಕೂ ತಡೆಯುತ್ತದೆ, ನೂಲು ಕಡಿಮೆ. ಬೈವೋಲ್ಟೈನ್ ತಳಿ ಒಳ್ಳೆಯ ನೂಲು ಕೊಡುತ್ತದೆ, ಆದರೆ ನಾಜೂಕು. ಎರಡನ್ನೂ ಕೂಡಿಸಿದ್ದೇ ನಿಮ್ಮೂರಿನ ಮಾರುಕಟ್ಟೆಗೆ ಬರುವ ಮಿಶ್ರತಳಿ ಗೂಡು. ಅದಕ್ಕೆ ಬೇಕಾದ ಮೈಸೂರು ತಳಿಯ ಬಿತ್ತನೆ ಗೂಡನ್ನು ಕುಣಿಗಲ್ ಕಡೆ ಬೆಳೆಯುತ್ತಾರೆ. ಬಿತ್ತನೆಗೆ ಯಾವ ಗೂಡು ಉಳಿಯಬೇಕು, ಯಾವುದು ನೂಲು ಬಿಚ್ಚಲು ಹೋಗಬೇಕು ಎಂದು ಆರಿಸುವವರು ಮನುಷ್ಯರು. ಕೃತಕ ವಿಕಾಸವೂ ಇದೇ ಕೆಲಸ, ನಡೆಯುವುದು ಕಂಪ್ಯೂಟರಿನೊಳಗೆ. ಮನಸ್ಸಿಗೆ ಬಂದಂತೆ ಐವತ್ತು ವಿನ್ಯಾಸ ಮಾಡಿ, ಓಡಿಸಿ, ದೂರ ಹೋದವನ್ನು ಉಳಿಸಿಕೊಂಡು, ಅವುಗಳ ಗುಣ ಬೆರೆಸಿ, ಅಲ್ಲಲ್ಲಿ ಚೂರು ಬದಲಿಸಿ ಮತ್ತೆ ಓಡಿಸುವುದು. ಹೀಗೇ ನೂರಾರು ಪೀಳಿಗೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆಗೋಲು. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಕಾರ್ಲ್ ಸಿಮ್ಸ್ 1994ರಲ್ಲಿ ಕಂಪ್ಯೂಟರಿನಲ್ಲಿ ಪೆಟ್ಟಿಗೆ ಮೈಯ ಜೀವಿಗಳನ್ನು ಬೆಳೆಸಿದಾಗ ವೇಗವಾಗಿ ಸಾಗುವವನ್ನು ಆರಿಸುತ್ತಾ ಹೋದರು. ಕೆಲವು ನಡೆಯುವುದನ್ನು ಕಲಿಯಲೇ ಇಲ್ಲ. ಉದ್ದಕ್ಕೆ ಬೆಳೆದು ಧೊಪ್ಪನೆ ಬಿದ್ದವು. ಬೀಳುವಾಗಲೂ ವೇಗ ಇರುತ್ತದಲ್ಲ! ತಪ್ಪು ಆ ಜೀವಿಗಳದ್ದಲ್ಲ, ಕೇಳಿದ್ದನ್ನೇ ಅವು ಕೊಟ್ಟವು. ನೂಲಿನ ತೂಕ ಒಂದನ್ನೇ ನೋಡಿ ಹುಳು ಆರಿಸಿದರೆ ಬೇಸಿಗೆಯಲ್ಲಿ ಏನಾಗುತ್ತದೆಂದು ನಿಮ್ಮ ತಾಯಿಯವರನ್ನು ಕೇಳಿ.

ಎರಡನೆಯ ತೊಡಕು, ಕಂಪ್ಯೂಟರಿನ ನೆಲ ಬೇರೆ, ನಮ್ಮ ನೆಲ ಬೇರೆ. ಲಿಪ್ಸನ್ ಮತ್ತು ಜೋರ್ಡಾನ್ ಪೊಲಾಕ್ 2000ದಲ್ಲಿ ಕಂಪ್ಯೂಟರಿನಲ್ಲಿ ವಿಕಾಸಗೊಂಡ ತೆವಳುವ ಯಂತ್ರಗಳನ್ನು ತ್ರೀಡಿ ಮುದ್ರಣದಲ್ಲಿ ತೆಗೆದು, ಮೋಟಾರು ಕೂಡಿಸಿ ನಿಜವಾಗಿ ಓಡಿಸಿದರು. ಓಡಿದವು, ನಿಜ. ಆದರೆ ನೆಲಕ್ಕೆ ಜಾರಿ, ಲೆಕ್ಕದಷ್ಟು ದೂರ ಹೋಗದವೂ ಇದ್ದವು.

ನಿಮ್ಮ ಪ್ರಾಜೆಕ್ಟಿನ ವಿಷಯ. ತಾವೇ ಅಂಟಿಕೊಳ್ಳುವ ಪೆಟ್ಟಿಗೆ ಮಾಡಲು ಹೋಗಬೇಡಿ. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂಥ ಕೆಲಸ ಅದು: ಕೊಂಚ ಓರೆಯಾದರೂ ಕೊಂಡಿ ಕೂರುವುದಿಲ್ಲ, ವರ್ಷವೆಲ್ಲ ಅದರಲ್ಲೇ ಕಳೆಯುತ್ತದೆ. ನಾಲ್ಕು ಅಗ್ಗದ ಸರ್ವೋ ಮೋಟಾರುಗಳನ್ನು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ಸಾಲಾಗಿ ಸ್ಕ್ರೂ ಹಾಕಿ ಜೋಡಿಸಿ, ಹುಳುವಿನಂತೆ ತೆವಳುವ ಯಂತ್ರ ಮಾಡಿ. ಒಂದೊಂದು ಮೋಟಾರಿಗೂ ಮೂರು ಸಂಖ್ಯೆ: ಎಷ್ಟು ಬಾಗಬೇಕು, ಎಷ್ಟು ಬೇಗ, ಪಕ್ಕದ್ದಕ್ಕಿಂತ ಎಷ್ಟು ತಡವಾಗಿ. ಒಟ್ಟು ಹನ್ನೆರಡು. ವಿಕಾಸವಾಗಬೇಕಾದದ್ದು ಈ ಹನ್ನೆರಡು ಸಂಖ್ಯೆಗಳೇ. ಯಂತ್ರದ ಚಲನೆಯನ್ನು ಕಂಪ್ಯೂಟರಿನಲ್ಲೇ ಅನುಕರಿಸಿ ತೋರಿಸುವ, ಉಚಿತವಾಗಿ ಸಿಗುವ ಪೈಬುಲೆಟ್ ತಂತ್ರಾಂಶದಲ್ಲಿ ಮೊದಲು ಬೆಳೆಸಿ. ಒಂದೇ ಬಗೆಯ ತುಂಡುಗಳನ್ನು ಜೋಡಿಸಿ ಮಾಡಿದ ಜಪಾನಿನ ಎಂ-ಟ್ರಾನ್ ಎಂಬ ಮಾಡ್ಯೂಲರ್ ರೋಬೋಗೂ ನಡಿಗೆ ಕಲಿಸಿದ್ದು ಹೀಗೆಯೇ, ಕಂಪ್ಯೂಟರಿನಲ್ಲಿ ಮೊದಲು, ನೆಲದ ಮೇಲೆ ಆಮೇಲೆ.

ಒಂದು ಎಚ್ಚರಿಕೆ: ಮೊದಲ ಎರಡು ಸೆಕೆಂಡು ಬಿಟ್ಟು, ಯಂತ್ರ ನೆಲಕ್ಕೆ ಕೂತ ಮೇಲೆ ದೂರ ಅಳೆಯಿರಿ, ಬಿದ್ದದ್ದನ್ನು ನಡಿಗೆಯೆಂದು ಎಣಿಸುವ ತಪ್ಪು ಆಗುವುದಿಲ್ಲ. ಗೆದ್ದ ಹತ್ತು ನಡಿಗೆಗಳನ್ನು ಮನೆಯ ನುಣುಪು ನೆಲದಲ್ಲೂ ಹಿಪ್ಪುನೇರಳೆ ತೋಟದ ಮಣ್ಣಿನಲ್ಲೂ ಓಡಿಸಿ. ಎರಡರಲ್ಲೂ ದೂರ ಬರೆದಿಟ್ಟು ನನಗೆ ಕಳಿಸಿ. ಮೋಟಾರಿನೊಳಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಸುತ್ತಲು ಮಾತ್ರ ಮರೆಯಬೇಡಿ.